ಮುಟ್ಟಿಸಿಕೊಂಡವರೇ ಕೂಗಬೇಕು

ನನ್ನ ಕೈಯಲ್ಲಿ ಕತ್ತಿ ನೋಡಿದವರು ಕೇಳುವ ಮೊದಲ ಪ್ರಶ್ನೆ, "ಯಾರನ್ನ ಕಡಿಯೋದೈತ್ರಿ ಟೀಚರ್?" ಎರಡನೆಯದು, "ಲಗ್ನ ಯಾಕ ಮಾಡ್ಕೊಂಡಿಲ್ಲ?" ಈ ಎರಡಕ್ಕೂ ಏನು ಸಂಬಂಧ ಎಂದು ಬಹಳ ದಿನ ತಲೆ ಕೆಡಿಸಿಕೊಂಡೆ. ಈಗ ಎರಡಕ್ಕೂ ಒಂದೇ ಉತ್ತರ ಕೊಡುತ್ತೇನೆ: "ಸರಿಯಾದಾಂವ ಇನ್ನೂ ಸಿಕ್ಕಿಲ್ಲ." ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿದು, ಮಳೆಯ ಸುದ್ದಿ ತೆಗೆಯುತ್ತಾರೆ.

ನಾನು ಶಹಾಪುರದ ಹತ್ತಿರದ ಒಂದು ಕಾಲುವೆ ಕ್ಯಾಂಪಿನಲ್ಲಿರುವ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪೀಟಿ ಟೀಚರ್. ಕ್ಯಾಂಪ್ ಅಂದರೆ ಕಾಲುವೆ ಕಟ್ಟುವಾಗ ಇಂಜಿನಿಯರುಗಳಿಗಾಗಿ ಎಬ್ಬಿಸಿದ ಕ್ವಾರ್ಟರ್ಸುಗಳ ಊರು. ಕಾಲುವೆ ಮುಗಿದು ಇಂಜಿನಿಯರುಗಳು ಹೋದರು, ಖಾಲಿ ಬಿದ್ದ ಮನೆಗಳಿಗೆ ನಮ್ಮಂಥವರು ಬಂದೆವು. ಈ ಕಾಲುವೆ ಅಗೆಯುವಾಗ ನನ್ನ ಅವ್ವ ಮಣ್ಣಿನ ಬುಟ್ಟಿ ಹೊತ್ತವಳು. ತಾನು ಮಣ್ಣು ಹೊತ್ತ ಜಾಗದಲ್ಲೇ ಮಗಳು ಸರಕಾರಿ ಪಗಾರ ತಗೊಂಡು ಸೀಟಿ ಊದುತ್ತಾಳೆ ಅನ್ನುವುದು ಅವಳ ಬದುಕಿನ ಮುಖ್ಯ ಸುದ್ದಿ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆ, ಅವರು ಕೇಳದಿದ್ದರೂ ಹೇಳುತ್ತಾಳೆ. ನಮ್ಮ ಶಾಲೆಗೆ ಪೀಟಿ ಟೀಚರ್ ಇದ್ದಾಳೆ, ಮೈದಾನವಿಲ್ಲ. ಆಚೆ ಊರಿನ ಶಾಲೆಗೆ ಮೈದಾನವಿದೆ, ಪೀಟಿ ಟೀಚರ್ ಇಲ್ಲ. ಎರಡನ್ನೂ ಒಂದೇ ಕಡೆ ಕೊಟ್ಟರೆ ಮಕ್ಕಳು ನಿಜವಾಗಿಯೂ ಆಡಿಬಿಟ್ಟಾರು ಎಂಬ ಭಯ ಮೇಲಿನವರಿಗೆ ಇದ್ದೀತು. ನಾನು ವರಾಂಡದಲ್ಲೇ ಕವಾಯತು ಮಾಡಿಸುತ್ತಿದ್ದೆ.

ಕತ್ತಿಯ ಹುಚ್ಚು ಹತ್ತಿದ್ದು ಹೈದರಾಬಾದಿನಲ್ಲಿ. ಒಂದು ತರಬೇತಿಗೆಂದು ಹೋಗಿದ್ದೆ. ದಿನವಿಡೀ ಕುರ್ಚಿಯ ಮೇಲೆ ಕೂಡಿಸಿ, ಕುರ್ಚಿಯ ಮೇಲೆ ಕೂಡುವುದರಿಂದ ಆರೋಗ್ಯ ಹೇಗೆ ಕೆಡುತ್ತದೆ ಎಂದು ಭಾಷಣ ಮಾಡುತ್ತಿದ್ದರು. ಸಂಜೆ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಪಾರ್ಕಿಗೆ ಹೋದರೆ, ಅಲ್ಲಿ ಏಳೆಂಟು ಜನ ಮುಖಕ್ಕೆ ತಂತಿಯ ಜಾಳಿಗೆ ಹಾಕಿಕೊಂಡು, ಎರಡು ಕೈಯಲ್ಲಿ ಹಿಡಿಯುವ ಉದ್ದನೆಯ ಮೊಂಡ ಕತ್ತಿಗಳಿಂದ ಬಡಿದಾಡುತ್ತಿದ್ದರು. ಐದಾರು ನೂರು ವರ್ಷದ ಹಿಂದೆ ಜರ್ಮನಿಯ ಕತ್ತಿಗುರುಗಳು ಬರೆದಿಟ್ಟ ಪುಸ್ತಕಗಳಿವೆಯಂತೆ. ಆ ಚಿತ್ರ ನೋಡಿ, ಆ ಬರಹ ಓದಿ, ನಿಂತುಹೋದ ವಿದ್ಯೆಯನ್ನು ಹಾಳೆಯಿಂದ ಎಬ್ಬಿಸಿ ಕಲಿಯುವವರು ಇವರು. ನಾನೂ ಸೇರಿಕೊಂಡೆ. ಮೊದಲು ಕಲಿಸಿದ ಏಟಿನ ಹೆಸರೇ 'ಸಿಟ್ಟಿನ ಏಟು'. ಬಲ ಹೆಗಲಿನಿಂದ ಓರೆಯಾಗಿ ಕೆಳಕ್ಕೆ ಇಳಿಸಬೇಕು. ಬೇರೆಯವರಿಗೆ ಮೂರು ದಿನ ಹಿಡಿಯುತ್ತದಂತೆ, ನನಗೆ ಒಂದು ಸಂಜೆ ಸಾಕಾಯಿತು. ಮೊದಲೇ ಎಲ್ಲಾದರೂ ಕಲಿತಿದ್ದಿರಾ ಎಂದು ಕೇಳಿದರು. ಸ್ಟಾಫ್ ರೂಮಿನಲ್ಲಿ ಹತ್ತು ವರ್ಷದ ಅಭ್ಯಾಸವಿದೆ ಎಂದೆ. ಬರುವಾಗ ಹಳೆಯ ಎರಡು ಜಾಳಿಗೆಗಳನ್ನು ಅವರಿಂದಲೇ ಕೊಂಡು ತಂದೆ. ಮುಂದಿನದು ಮೊಬೈಲಿನ ವಿಡಿಯೋ ನೋಡಿ ಕಲಿಯುವುದು ಎಂದಾಯಿತು.

ಕತ್ತಿಯನ್ನು ನಮ್ಮ ಸೀಮೆಗೆ ನಾನು ಹೊಸದಾಗಿ ತಂದೆ ಅಂತ ಹೇಳಿದರೆ ಹೊಡೆತ ಬಿದ್ದಾವು. ಸುರಪುರ ಬಗಲಲ್ಲೇ ಇದೆ. ಅಲ್ಲಿ ಯಾರ ಮನೆಗೆ ಹೋದರೂ ಮುತ್ತಜ್ಜ ಇಂಗ್ಲಿಷರ ಮೇಲೆ ಕತ್ತಿ ಎತ್ತಿದವನೇ. ಎತ್ತದೆ ಮನೆಯಲ್ಲಿ ಕೂತವನ ವಂಶ ಮಾತ್ರ ಮುಂದೆ ಬೆಳೆಯಲೇ ಇಲ್ಲವೋ ಏನೋ, ಇವತ್ತಿನವರೆಗೆ ಅಂಥ ಒಬ್ಬನ ಮೊಮ್ಮಗನೂ ನನಗೆ ಸಿಕ್ಕಿಲ್ಲ. ಗೋಡೆಯ ಮೇಲೆ ಕತ್ತಿ ಇರುತ್ತದೆ. ವರ್ಷಕ್ಕೊಮ್ಮೆ ಕೆಳಗಿಳಿಸಿ, ತುದಿಗೊಂದು ಲಿಂಬಿಹಣ್ಣು ಚುಚ್ಚಿ, ಕುಂಕುಮ ಹಚ್ಚಿ ಮತ್ತೆ ಮೇಲಕ್ಕೇರಿಸುತ್ತಾರೆ. ಲಗ್ನದಲ್ಲಿ ಮದುಮಗನ ಕೈಗೂ ಒಂದು ಕಠಾರಿ ಬರುತ್ತದೆ, ಅದಕ್ಕೂ ಲಿಂಬಿಹಣ್ಣು. ನನಗೆ ತಿಳಿದ ಮಟ್ಟಿಗೆ ಮೂರು ತಲೆಮಾರಿನಿಂದ ಈ ಭಾಗದ ಕತ್ತಿಗಳು ಲಿಂಬಿಹಣ್ಣು ಬಿಟ್ಟು ಬೇರೆ ಯಾರಿಗೂ ನೋವು ಮಾಡಿಲ್ಲ.

ಅವ್ವನಿಗೆ ಮೊದಲ ದಿನವೇ ಬೇಸರವಾಯಿತು. "ಬುದ್ಧನ ಫೋಟೋ ಇಟ್ಟ ಮನ್ಯಾಗ ಕತ್ತಿ ಯಾಕಬೇ?" ಎಂದಳು. ಮೊಂಡ ಕತ್ತಿ ಅವ್ವಾ, ಯಾರಿಗೂ ಗಾಯ ಮಾಡಂಗಿಲ್ಲ ಎಂದು ಸಮಾಧಾನ ಹೇಳಿ, ನಿಲ್ಲುವ ಭಂಗಿಗಳನ್ನು ತೋರಿಸಿದೆ. ಜರ್ಮನಿಯ ಗುರುಗಳು ಇಟ್ಟ ಹೆಸರುಗಳನ್ನು ನಾನು ಹಾಗೇ ಕನ್ನಡಕ್ಕೆ ಇಳಿಸಿಕೊಂಡಿದ್ದೆ. ತಲೆಯ ಪಕ್ಕಕ್ಕೆ ಹಿಡಿದು ತುದಿಯನ್ನು ಕೊಂಬಿನಂತೆ ಮುಂದೆ ಚಾಚಿದರೆ ಎತ್ತು. ಸೊಂಟದ ಹತ್ತಿರ ಹಿಡಿದರೆ ನೇಗಿಲು. ತಲೆಯ ಮೇಲೆ ಎತ್ತಿದರೆ ಮಾಳಿಗೆ. ತುದಿಯನ್ನು ನೆಲಕ್ಕೆ ಇಳಿಬಿಟ್ಟು ನಿಂತರೆ ಹುಚ್ಚ.

"ಎತ್ತ, ರಂಟಿ, ಮಾಳಗಿ," ಅವ್ವ ಬೆರಳು ಮಡಚಿದಳು. "ಇದೇನ್ ಬಡದಾಡೋ ವಿದ್ಯಾನೋ, ಒಕ್ಕಲುತನಾನೋ? ಆ ಹುಚ್ಚ ಏನ್ ಮಾಡ್ತಾನ?"

"ಏನೂ ಬರದವರಂಗ ತಲಿ ತಗ್ಗಿಸಿ ನಿಂದ್ರಬೇಕವ್ವ. ಎದುರಿನವರು ಇದಕೇನೂ ತಿಳಿಯಂಗಿಲ್ಲ ಅನ್ಕೊಂಡು ಹತ್ರ ಬರ್ತಾರ. ಆಗ ಕೆಳಗಿಂದ ಎತ್ತಿ ಚುಚ್ಚಬೇಕು."

"ಇದನ್ನ ಕಲೀಲಾಕ ಹೈದರಾಬಾದಿಗಿ ಹೋಗಿದ್ದೇನ? ಗೌಡರ ಹೊಲದಾಗ ನಾ ಮೂವತ್ತ ವರ್ಷ ಹಂಗೇ ನಿಂತೀನಿ. ಎತ್ತಿ ಚುಚ್ಚೋದೊಂದ ಉಳದಿತ್ತು ನೋಡು."

ಅವತ್ತಿನಿಂದ ಅವಳಿಗೆ ಈ ವಿದ್ಯೆಯ ಮೇಲೆ ಸ್ವಲ್ಪ ಪ್ರೀತಿ ಬಂತು. ಏಟು ತಡೆಯಲು ದಪ್ಪ ಅಂಗಿ ಬೇಕು, ಒಳಗೆ ಪದರಪದರವಾಗಿ ಬಟ್ಟೆ ತುಂಬಿ ಹೊಲಿದದ್ದು ಎಂದು ವಿಡಿಯೋ ತೋರಿಸಿದೆ. "ಇದು ಕೌದಿ ಅಲ್ಲೇನಬೇ? ಕೌದಿಗಿ ತೋಳ ಹಚ್ಯಾರ ಅಷ್ಟೇ," ಎಂದು ನಕ್ಕಳು. ಹಳೇ ಸೀರೆಗಳನ್ನು ಹರಿದು ಎರಡು ಕೌದಿ ಅಂಗಿ ಹೊಲಿದಳು. ಯುರೋಪಿನ ಯೋಧರು ಹಾಕುತ್ತಿದ್ದದ್ದಕ್ಕಿಂತ ಇವು ಬಣ್ಣಬಣ್ಣವಾಗಿದ್ದವು. ಕಟ್ಟಿಗೆಯ ಕತ್ತಿಗಳನ್ನು ಕ್ಯಾಂಪಿನ ಬಡಿಗರು ಮಾಡಿಕೊಟ್ಟರು.

ಕಬ್ಬಿಣದ್ದೂ ಒಂದಿರಲಿ ಎಂದು ವನದುರ್ಗದ ಕಮ್ಮಾರರ ಹತ್ತಿರ ಹೋಗಿದ್ದೆ. ಅಳತೆ ಕೊಟ್ಟು, ಅಂಚು ಮೊಂಡ ಇರಬೇಕು, ತುದಿ ದುಂಡಗಿರಬೇಕು ಎಂದೆ. ಆ ಹಿರಿಯರು ನನ್ನನ್ನು ಕೆಳಗಿಂದ ಮೇಲಿನವರೆಗೆ ನೋಡಿದರು. "ಮೊಂಡ ಕತ್ತಿ ಯಾರ ಮಾಡಿಸ್ತಾರ್ರಿ ಟೀಚರ್? ಹರಿಯಂಗಿಲ್ಲ ಅಂದ್ರ ಅದು ಕತ್ತಿ ಹ್ಯಾಂಗಾತು?" ಎಂದರು. ಬಹಳ ಹೇಳಿದ ಮೇಲೆ ಒಪ್ಪಿಕೊಂಡರು. ಹದಿನೈದು ದಿನ ಬಿಟ್ಟು ಹೋದರೆ ಕತ್ತಿ ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿ ಎರಡು ತುಂಡಾದ ಕುಂಬಳಕಾಯಿ ಬಿದ್ದಿತ್ತು. "ಪಾಪ, ಹೆಣ್ಮಗಳು, ಗೊತ್ತಾಗಲಾರದ ಕೇಳ್ಯಾಳ, ಹಂಗೇ ಕಳಿಸಿದ್ರ ನನ್ನ ಇಜ್ಜತ್ ಏನ್ ಉಳೀತೈತಿ ಅಂತ ಸಾಣಿ ಹಿಡದೀನ್ರಿ. ಸಾಣಿದ್ದು ಬ್ಯಾರೆ ಏನೂ ಕೊಡಬ್ಯಾಡ್ರಿ," ಎಂದರು. ಅವರ ಮುಖದ ಖುಷಿ ನೋಡಿ ಬೈಯಲು ಬಾಯಿ ಬರಲಿಲ್ಲ. ಆ ಕತ್ತಿಯನ್ನು ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆವು. ಅವ್ವ ಈಗ ಅದರಿಂದ ಕುಂಬಳಕಾಯಿಯನ್ನೇ ಹೆಚ್ಚುತ್ತಾಳೆ.

ಬಡಿದಾಡಲು ಎದುರಿಗೆ ಒಬ್ಬರು ಬೇಕಲ್ಲ. ಅಂಥವರು ಸ್ಟಾಫ್ ರೂಮಿನಲ್ಲೇ ಸಿಕ್ಕರು.

ನಮ್ಮ ಶಾಲೆಯ ಗಣಿತದ ಟೀಚರ್ ನನಗಿಂತ ಎಂಟು ವರ್ಷ ದೊಡ್ಡವಳು. ಮನೆ ಶಹಾಪುರದಲ್ಲಿ, ಗಂಡನ ಮನೆತನ ಸುರಪುರದ್ದು, ದೊಡ್ಡ ಮನೆತನ. ನಾನು ಶಾಲೆಗೆ ಬಂದ ದಿನದಿಂದ ನನ್ನನ್ನು ತಂಗಿ ಎಂದಳು, ನಾನು ಅಕ್ಕ ಎಂದೆ. ಸಕ್ಕರೆ ಕಾಯಿಲೆ ಬಂದು, ಯಾದಗಿರಿಯ ದವಾಖಾನೆಯಲ್ಲಿ ದಿನಾ ಮುಕ್ಕಾಲು ತಾಸು ನಡೆಯಿರಿ ಅಂದಿದ್ದರು. "ಎಲ್ಲಿಗೂ ಹೋಗೋದಿಲ್ಲ ಅಂದ್ರ ಸುಮ್ಮನ ಹ್ಯಾಂಗ ನಡೀಲಿ? ಅದಕ್ಕೊಂದು ಉತ್ತರ ಬರಬೇಕಲ್ಲ?" ಎನ್ನುವುದು ಗಣಿತದವಳ ತಕರಾರು. ಹಾಗಾದರೆ ಕತ್ತಿ ಹಿಡಿ ಎಂದೆ. ಮೊದಲ ವಾರ "ಅಕ್ಕಾರ, ಎಡಗಾಲ ಮುಂದ ಇಡ್ರಿ" ಅನ್ನುತ್ತಿದ್ದೆ. ಎರಡನೇ ವಾರಕ್ಕೆ "ಅಕ್ಕಾ, ಕಾಲ ತಗಿ" ಎಂದಾಯಿತು. ಬಡಿದಾಡುವಾಗ ಹಿಂದೆ 'ರಿ' ಹಚ್ಚುವಷ್ಟು ಪುರಸೊತ್ತು ಇರುವುದಿಲ್ಲ.

ಜಾಗಕ್ಕೂ ತೊಂದರೆಯಾಗಲಿಲ್ಲ. ಬೇಸಿಗೆಯಲ್ಲಿ ಕಾಲುವೆ ಬಂದ್ ಆಗುತ್ತದೆ. ನೀರು ನಿಂತ ವಾರಕ್ಕೆ ತಳ ಒಣಗಿ, ಉದ್ದಕ್ಕೆ ಹಾಸಿದ ಕಾಂಕ್ರೀಟಿನ ನೆಲ ಸಿಗುತ್ತದೆ. ಎರಡೂ ಬದಿ ಇಳಿಜಾರಿನ ಗೋಡೆ ಇರುವುದರಿಂದ ರಸ್ತೆಯ ಮೇಲಿನವರಿಗೆ ಕಾಣುವುದಿಲ್ಲ. ಬೆಳಿಗ್ಗೆ ಬಿಸಿಲೇರುವ ಮೊದಲು ನಾವಿಬ್ಬರೂ ಕೌದಿ ಅಂಗಿ ತೊಟ್ಟು, ಮುಖಕ್ಕೆ ಜಾಳಿಗೆ ಹಾಕಿಕೊಂಡು ಕಾಲುವೆಗೆ ಇಳಿಯುತ್ತಿದ್ದೆವು. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಮುದುಕ ದಂಡೆಯ ಮೇಲೆ ನಿಂತು, "ಜೇನ ಎಲ್ಲೈತ್ರಿ?" ಎಂದು ಕೇಳಿದ. ಇಲ್ಲೇ ಮುಂದೈತಿ ಎಂದು ಅಕ್ಕ ಕೈ ತೋರಿಸಿದಳು.

ಇನ್ನು ಆ ಶಬ್ದದ ವಿಷಯ.

ಈ ಆಟದಲ್ಲಿ ಒಂದು ಮರ್ಯಾದೆಯ ನಿಯಮವಿದೆ. ಯಾರಿಗೆ ಏಟು ತಗುಲಿತೋ ಅವರೇ ಬಾಯಿಬಿಟ್ಟು ಕೂಗಬೇಕು. ಹೊಡೆದವರು ಕೂಗುವ ಹಾಗಿಲ್ಲ. ಮೊದಲು ತಗುಲಿದ್ದಷ್ಟೇ ಲೆಕ್ಕ, ಆಮೇಲೆ ಬಿದ್ದದ್ದು ಲೆಕ್ಕಕ್ಕಿಲ್ಲ. ಹೈದರಾಬಾದಿನವರು ಒಂದು ಫ್ರೆಂಚ್ ಶಬ್ದ ಕೂಗುತ್ತಿದ್ದರು. ಅದರ ಅರ್ಥ 'ಮುಟ್ಟಿತು' ಅಂತ. ಕನ್ನಡದಲ್ಲಿ ನಾನು ಅದನ್ನೇ ಇಟ್ಟೆ. ಹತ್ತಿತು, ತಾಗಿತು, ಬಡೀತು ಎಂದು ಬೇರೆ ಶಬ್ದಗಳಿದ್ದವು. ಸುಳ್ಳು ಯಾಕೆ ಹೇಳಲಿ, ನಾನು ಬೇಕಂತಲೇ 'ಮುಟ್ಟಿತು' ಆರಿಸಿದ್ದೆ.

ಯಾಕೆಂದರೆ ನನ್ನ ಈ ಅಕ್ಕ ಹನ್ನೊಂದು ವರ್ಷದಲ್ಲಿ ನಮ್ಮ ಮನೆಯ ಒಂದು ಗುಟುಕು ನೀರು ಕುಡಿದವಳಲ್ಲ. ಕೆಟ್ಟವಳಲ್ಲ, ಸಿಹಿಯಾಗಿ ಮಾತಾಡುವವಳು. ತನ್ನ ಡಬ್ಬಿಯ ಶೇಂಗಾ ಹೋಳಿಗೆಯಲ್ಲಿ ಮೊದಲ ತುಂಡು ನನಗೇ. ಕೊಡುತ್ತಿದ್ದಳು, ತಗೊಳ್ಳುತ್ತಿರಲಿಲ್ಲ. ಮನೆಯವರೆಗೆ ಬಂದರೆ ಮೆಟ್ಟಿಲ ಮೇಲೆಯೇ ಕೂಡುತ್ತಿದ್ದಳು, ಗಾಳಿ ಚೊಲೋ ಬರ್ತೈತಿ ಎಂದು. ಚಹಾ ತಂದರೆ ಸೋಮವಾರ, ಈಗಷ್ಟೇ ಕುಡದೆ, ಶ್ರಾವಣ, ಹೊಟ್ಟಿ ಬರಾಬರ್ ಇಲ್ಲ. ಸಕ್ಕರೆ ಕಾಯಿಲೆ ಬಂದಾಗ ನಾನು ಮರುಗಿದೆ. ಅವಳಿಗೆ ಮಾತ್ರ ವಾರದ ಏಳೂ ದಿನಕ್ಕೆ ಆಗುವ ಒಂದು ಕಾರಣ ಸಿಕ್ಕಿತು. ಆದರೆ ನೀರಿನಲ್ಲಿ ಸಕ್ಕರೆ ಎಲ್ಲಿರುತ್ತದೆ? ಆ ಸೆಕೆಯಲ್ಲಿ, ಅವ್ವ ಹೊಲಿದ ಕೌದಿ ತೊಟ್ಟು, ಅವ್ವನ ಹಳೇ ಸೀರೆಗೆ ತನ್ನ ಬೆವರೆಲ್ಲ ಕುಡಿಸಿ, ತಂದ ಬಾಟ್ಲಿ ಬರಿದಾದರೆ ಒಣಗಿದ ಬಾಯಲ್ಲೇ ಸ್ಕೂಟಿ ಹತ್ತಿ ಹೋಗುತ್ತಿದ್ದಳು. ಬಟ್ಟೆಗೆ ಮೈಲಿಗೆ ಇಲ್ಲ, ನೀರಿಗೆ ಇದೆ ಎಂದು ಯಾವ ಗಣಿತದಲ್ಲಿ ಬರುತ್ತದೋ ನನಗೆ ಗೊತ್ತಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು. ನೀರು ಕುಡಿಯದಿದ್ದರೆ ಹೋಗಲಿ, ಈ ಬಾಯಿಂದ ಒಮ್ಮೆ 'ಮುಟ್ಟಿತು' ಅನ್ನಿಸಬೇಕು, ಅದೂ ನಾನು ಮುಟ್ಟಿದ್ದಕ್ಕೆ ಎಂದು ಹಟ ತೊಟ್ಟಿದ್ದೆ.

ಅಕ್ಕ ಏನು ಕಡಿಮೆಯೇ? ಭುಜದ ಮೇಲೆ ಫಟ್ ಅಂತ ಏಟು ಬಿದ್ದರೂ, "ಕೌದಿಗಿ ಹತ್ತೈತಿ, ನನಗಲ್ಲ." ಮೊಳಕೈಗೆ ಬಿದ್ದರೆ, "ನನ್ನ ಕತ್ತಿ ಮೊದಲ ಹೊರಟಿತ್ತು, ಕೋನ ನೋಡು." ಬೇರೆ ದಾರಿಯೇ ಇಲ್ಲದಿದ್ದರೆ, "ಆತು ಬಿಡು, ಮುಂದ." ಒಮ್ಮೆ ನೇರವಾಗಿ ಕೇಳಿದೆ, ನಿಯಮದ ಶಬ್ದ ಯಾಕ ಅನ್ನಂಗಿಲ್ಲ ಅಂತ.

"ಹೆಣ್ಮಕ್ಕಳು ಕಾಲುವ್ಯಾಗ ನಿಂತು 'ಮುಟ್ಟಿತು ಮುಟ್ಟಿತು' ಅಂತ ಒದರಿದ್ರ ಕೇಳಿದೋರು ಏನಂತ ತಿಳೀತಾರಬೇ?" ಎಂದು ನಕ್ಕಳು. ನಾನೂ ನಕ್ಕೆ. ಆ ಶಬ್ದಕ್ಕೆ ಇರುವ ಇನ್ನೊಂದು ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಅದರ ಮೇಲೆ ಕಾಲಿಡದೆ ದಾಟಿದೆವು.

ಅವ್ವನಿಗೆ ಈ ಶಬ್ದದ ಸುದ್ದಿ ಹೇಳಿದ ದಿನ ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ನಿಲ್ಲಿಸಿದಳು. "ಆ ಶಬ್ದಾ ನಾವು ಕೂಗತಿದ್ದಿಲ್ಲಬೇ, ಅವರು ಕೂಗತಿದ್ರು," ಎಂದಳು. "ಸಣ್ಣಾಕಿ ಇದ್ದಾಗ ಬಾವಿ ಕಟ್ಟಿ ಹತ್ರ ನನ್ನ ಸೆರಗ ಒಬ್ಬಾಕಿ ಕೊಡಕ್ಕ ಹತ್ತಿತ್ತು. 'ಮುಟ್ಟಿತು' ಅಂತ ಒದರಿ, ತುಂಬಿದ ಕೊಡಾ ಸುರುವಿಬಿಟ್ಟಳು. ನಮ್ಮವ್ವಂದು ಆ ದಿನ ನೀರಿಲ್ಲ." ಮತ್ತೆ ಜೋಳ ಕೇರತೊಡಗಿದಳು. ಆ ಶಬ್ದ ಬದಲಿಸು ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಹಟ ಮಾತ್ರ ಅವತ್ತು ಇನ್ನಷ್ಟು ಗಟ್ಟಿಯಾಯಿತು.

ಎರಡನೇ ಬೇಸಿಗೆಗೆ ನಮ್ಮ ಸುದ್ದಿ ಯಾದಗಿರಿಯ ಕ್ರೀಡಾ ಇಲಾಖೆಯ ಒಬ್ಬ ಸಾಹೇಬರ ಕಿವಿಗೆ ಬಿತ್ತು. ಬೇಸಿಗೆ ಶಿಬಿರದ ಕೊನೆಯ ದಿನ ಪ್ರದರ್ಶನ ಕೊಡಿ, ಚಲೋ ಆದರೆ ಕ್ಯಾಂಪಿನಲ್ಲಿ ಖಾಲಿ ಬಿದ್ದ ಸಿಮೆಂಟಿನ ಗೋದಾಮನ್ನು ನಿಮ್ಮ ಹುಡುಗಿಯರ ಅಭ್ಯಾಸಕ್ಕೆ ಕೊಡಿಸುವುದನ್ನು 'ಪರಿಶೀಲಿಸುತ್ತೇನೆ' ಎಂದರು. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಕೊಡಿಸುತ್ತೇನೆ ಅನ್ನಲಿಲ್ಲ, ಕೊಡಿಸುವುದನ್ನು ಪರಿಶೀಲಿಸುತ್ತೇನೆ ಎಂದೇ ಅಂದದ್ದು. ಆಮಂತ್ರಣ ಪತ್ರಿಕೆ ನೋಡಿದರೆ 'ಸುರಪುರದ ಪ್ರಾಚೀನ ವೀರ ಕತ್ತಿವರಸೆ' ಅಂತಿತ್ತು.

"ಸಾಹೇಬ್ರ, ಇದು ಜರ್ಮನಿದ್ದು," ಎಂದೆ.

"ಜರ್ಮನಿದವರು ನಮ್ಮಿಂದನ ಕಲ್ತಿರಬೇಕ್ರಿ," ಎಂದರು ಸಾಹೇಬರು, ಸಹಿ ಮಾಡುತ್ತಲೇ. "ಎಲ್ಲಾ ನಮ್ಮಿಂದನ ಹೋಗೈತಿ."

ಎಲ್ಲವೂ ನಮ್ಮಿಂದಲೇ ಹೋಗಿದ್ದರೆ ಇಲ್ಲಿ ಏನೂ ಉಳಿಯದಿರುವುದಕ್ಕೆ ಕಾರಣ ತಿಳಿಯಿತು ಎನ್ನಬೇಕೆಂದಿದ್ದೆ. ಗೋದಾಮಿನ ಮುಖ ನೋಡಿ ಸುಮ್ಮನಾದೆ.

ಪ್ರದರ್ಶನದ ಹಿಂದಿನ ಬೆಳಿಗ್ಗೆ ಕಾಲುವೆಯಲ್ಲಿ ಅಕ್ಕ ಜಾಳಿಗೆ ತೆಗೆದು, ಕತ್ತಿಯನ್ನು ಗೋಡೆಗೆ ಆನಿಸಿದಳು. "ನಾಳಿಗಿ ಸುರಪುರದಿಂದ ನಮ್ಮತ್ತಿ ಬರ್ತಾರ. ಪತ್ರಿಕಾದಾಗ ಸುರಪುರ ಅಂತ ನೋಡಿ ಮುಂದಿನ ಸಾಲಿನಾಗ ಕುಂದ್ರತಾರ. ಆ ಶಬ್ದ ಬ್ಯಾಡ ತಂಗಿ. 'ಆತು' ಅಂದ್ರ ಸಾಲದೇನು?"

ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ಹನ್ನೊಂದ ವರ್ಷ ನಮ್ಮ ಮನಿ ನೀರ ಬ್ಯಾಡಾಗಿತ್ತು. ಈಗ ಶಬ್ದಾನೂ ಬ್ಯಾಡೇನು? ಖರೇ ಹೇಳಕ್ಕಾ, ನಿನಗ ಏಟ ಬಿದ್ದದ್ದಕ್ಕ ಸಂಕಟಾನೋ, ಹೊಡದಾಕಿ ಯಾರು ಅನ್ನೋದಕ್ಕ ಸಂಕಟಾನೋ?"

ಅಕ್ಕನ ಮುಖ ಕೆಂಪಾಯಿತು. "ನೀ ಒಮ್ಮ್ಯಾರ ಕೇಳಿಯೇನ? ಯಾಕ ಕುಡಿಯಂಗಿಲ್ಲ ಅಂತ ಬಾಯಿಬಿಟ್ಟು ಒಮ್ಮ್ಯಾರ ಕೇಳಿಯೇನ? ಲೋಟ ತಂದಿಟ್ಟು ನನ್ನ ಮಾರಿ ನೋಡಕೋಂತ ನಿಂದ್ರತಿ, ಪೇಪರ್ ತಿದ್ದೋರಂಗ."

"ಕೇಳೋ ಕೆಲಸಾನೂ ನಂದೇ ಏನು?"

ಅವಳು ಕತ್ತಿಯನ್ನು ಸ್ಕೂಟಿಗೆ ಕಟ್ಟಿಕೊಂಡು ಹೋದಳು. ನಾಳೆ ಬರುತ್ತಾಳೋ ಇಲ್ಲವೋ ಎಂದು ನಾನು ದಿನವೆಲ್ಲ ಒದ್ದಾಡಿದೆ.

ಬಂದಳು. ಯಾದಗಿರಿಯ ಬೇಸಿಗೆಯಲ್ಲಿ, ಸಂಜೆ ಐದಕ್ಕೂ ಹಂಚಿನಂತೆ ಕಾದ ಮೈದಾನದಲ್ಲಿ, ಕೌದಿ ತೊಟ್ಟು ನಿಂತೆವು. ಮೈಕಿನವನು ನಮ್ಮ ಇಬ್ಬರ ಪೂರ್ವಿಕರನ್ನೂ ಒಂದೇ ಉಸಿರಿನಲ್ಲಿ ಇಂಗ್ಲಿಷರ ಮೇಲೆ ಛೂ ಬಿಟ್ಟ. ನನ್ನ ಪೂರ್ವಿಕರನ್ನು ಆ ಕಾಲದಲ್ಲಿ ಕತ್ತಿ ಮುಟ್ಟಲು ಬಿಟ್ಟಿದ್ದರೋ ಇಲ್ಲವೋ ಎಂದು ಅವನು ವಿಚಾರಿಸಿರಲಿಲ್ಲ. ಮುಂದಿನ ಸಾಲಿನಲ್ಲಿ ಅಕ್ಕನ ಅತ್ತೆ, ಜರಿಯಂಚಿನ ಸೆರಗು ತಲೆತುಂಬ ಹೊದ್ದು, ಆಮಂತ್ರಣ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಅಕ್ಕನ ಗಂಡ. ಮುಟ್ಟಿಸಿಕೊಂಡವರೇ 'ಮುಟ್ಟಿತು' ಎಂದು ಕೂಗುತ್ತಾರೆ, ಮೂರು ಸುತ್ತು ಎಂದು ಸಾಹೇಬರು ಮೈಕಿನಲ್ಲಿ ನಿಯಮ ಓದಿದರು. ಓದಿಸಿದವಳು ನಾನೇ.

ಮೊದಲ ಸುತ್ತಿನಲ್ಲಿ ಅಕ್ಕ ಮಾಳಿಗೆಯಿಂದ ಇಳಿದಳು. ಪಕ್ಕಕ್ಕೆ ತಳ್ಳಿ ಮುಂಗೈಗೆ ಹೊಡೆದೆ. "ಆತು," ಎಂದಳು. ಎರಡನೆಯದರಲ್ಲಿ ಭುಜಕ್ಕೆ ಹೊಡೆದೆ. "ಆತಾತು." ಮೈಕಿನವನಿಗೆ ಏನು ಆಯಿತು ಎಂದು ತಿಳಿಯದೆ, ಜನರಿಗೆ ಚಪ್ಪಾಳೆ ಹೊಡೆಯಲು ಹೇಳಿದ. ನನ್ನ ತಲೆಗೆ ಸಿಟ್ಟು ಏರಿತ್ತು.

ಮೂರನೆಯದಕ್ಕೆ ಅಕ್ಕ ಕತ್ತಿಯ ತುದಿಯನ್ನು ನೆಲಕ್ಕೆ ಇಳಿಬಿಟ್ಟು ನಿಂತಳು. ಏದುಸಿರು ಬಿಡುತ್ತಿದ್ದಳು. ಸಕ್ಕರೆ ಇಳಿದಿರಬೇಕು, ಸುಸ್ತಾಗಿದ್ದಾಳೆ ಎಂದುಕೊಂಡು ಸಿಟ್ಟಿನ ಏಟು ಎತ್ತಿ ಮುನ್ನುಗ್ಗಿದೆ. ಅದು ಹುಚ್ಚ ಎಂದು ನೆನಪಾಗುವ ಹೊತ್ತಿಗೆ ಅವಳ ತುದಿ ಕೆಳಗಿನಿಂದ ಎದ್ದು ನನ್ನ ಎಡ ಪಕ್ಕೆಗೆ ಕಟ್ ಅಂತ ಕೂತಿತ್ತು. ಉಸಿರು ನಿಂತುಹೋಯಿತು. ಅದಾದ ಮೇಲೆ ನನ್ನ ಏಟು ಅವಳ ಹೆಗಲಿಗೆ ಬಿತ್ತು, ಇಡೀ ಮೈದಾನಕ್ಕೆ ಕೇಳುವ ಹಾಗೆ. ಜನ ಹೋ ಎಂದರು. ಅವರು ಕಂಡದ್ದು ನನ್ನ ಏಟನ್ನು. ಅವಳದ್ದು ಗೊತ್ತಿದ್ದದ್ದು ಅವಳಿಗೆ ಮತ್ತು ನನ್ನ ಪಕ್ಕೆಗೆ.

ಕೂಗಬೇಕಾದವಳು ನಾನು. ಅಕ್ಕ ಅಲ್ಲಾಡದೆ ನಿಂತು ಜಾಳಿಗೆಯೊಳಗಿಂದ ನನ್ನನ್ನೇ ನೋಡುತ್ತಿದ್ದಳು. ಹನ್ನೊಂದು ವರ್ಷ ನಾನು ಲೋಟ ಇಟ್ಟು ನಿಂತದ್ದು ಹೀಗೇ ಇರಬೇಕು. ಇವಳ ಬಾಯಿಂದ ಕೇಳಬೇಕಾದ್ದನ್ನು, ಈ ಅತ್ತೆಯ ಮುಂದೆ, ನಾನೇ ಮೊದಲು ಕೂಗಲೇ? ಆಗಲಿಲ್ಲ. ಆಟದ ಒಂದೇ ಒಂದು ಮರ್ಯಾದೆ ಅದು, ಅದನ್ನು ಅಕ್ಕನಿಗೆ ಕಲಿಸಿದವಳು ನಾನು, ಬಾಯಿ ಮುಚ್ಚಿಕೊಂಡು ನಿಂತೆ.

ಅಕ್ಕ ಜಾಳಿಗೆ ತೆಗೆದಳು. ನನ್ನ ಕಡೆಗಲ್ಲ, ಮುಂದಿನ ಸಾಲಿನ ಕಡೆಗೆ ತಿರುಗಿ, ಕ್ಲಾಸಿನ ಹಿಂದಿನ ಬೆಂಚಿಗೂ ಕೇಳಿಸುವ ತನ್ನ ದನಿಯಲ್ಲಿ ಕೂಗಿದಳು: "ಮುಟ್ಟಿತು!"

ಗಾಳಿ ಹಾಕುತ್ತಿದ್ದ ಪತ್ರಿಕೆ ನಿಂತಿತು.

ಸಾಹೇಬರು ನನಗೆ ಶಾಲು ಹೊದಿಸಿದರು. ಕೌದಿಯ ಮೇಲೆ ಶಾಲು, ಆ ಸೆಕೆಯಲ್ಲಿ. ಗೋದಾಮಿನ ಮಾತು ಕೇಳಿದರೆ, "ಫೈಲ್ ನಡಿಲಾಕತ್ತೈತಿ," ಎಂದರು. ಅಕ್ಕನ ಅತ್ತೆ ಸೊಸೆಯ ಕಡೆ ನೋಡದೆ ಜೀಪು ಹತ್ತಿದರು. ಗಂಡ ಅವರನ್ನು ಬಿಡಲು ಸುರಪುರಕ್ಕೆ ಹೋದ. ನಾವಿಬ್ಬರೂ ಬಸ್ಸು ಹಿಡಿದೆವು. ಇಷ್ಟು ವರ್ಷ ಕಾದ ಶಬ್ದ ಸಿಕ್ಕಿತ್ತು, ಕದ್ದ ಮಾಲಿನ ಹಾಗೆ. ಪಕ್ಕೆಯಲ್ಲಿ ಬಸ್ಸಿನ ಪ್ರತಿ ಗುಂಡಿಯೂ ಗೊತ್ತಾಗುತ್ತಿತ್ತು. ಅಕ್ಕ ಟಿಕೀಟು ತೆಗೆದದ್ದು ಶಹಾಪುರಕ್ಕೆ. ಕ್ಯಾಂಪಿನಲ್ಲಿ ನಾನು ಇಳಿದರೆ ನನ್ನ ಹಿಂದೆಯೇ ಇಳಿದಳು.

ಮೆಟ್ಟಿಲ ಮೇಲೆ ಕೂಡಲಿಲ್ಲ. ಒಳಗೆ ಬಂದು ಚಾಪೆಯ ಮೇಲೆ ಕೂತು, "ಯವ್ವಾ, ಕುಡೀಲಾಕ ನೀರ ಕೊಡ್ರಿ," ಎಂದಳು.

ಅವ್ವ ನನ್ನ ಮುಖ ನೋಡಿದಳು. ಒಳಗೆ ಹೋಗಿ ಬೆಳಗಿದ ಲೋಟವನ್ನೇ ಇನ್ನೊಮ್ಮೆ ಬೂದಿ ಹಾಕಿ ಬೆಳಗುವ ಸದ್ದು ಕೇಳಿತು. ನೀರು ತಂದವಳು ಹಳೇ ರೂಢಿಯಂತೆ ಬಗ್ಗಿ ಲೋಟವನ್ನು ನೆಲಕ್ಕೆ ಇಡಹೋದಳು. ಅಕ್ಕ ಕೈ ಚಾಚಿ, ಅವಳ ಕೈಯಿಂದಲೇ ಇಸಿದುಕೊಂಡಳು. ಎತ್ತಿ ಕುಡಿಯಲಿಲ್ಲ, ಕಚ್ಚಿ ಕುಡಿದಳು, ಗಟಗಟ ಅಂತ, ಗದ್ದಕ್ಕೆ ಇಳಿಸಿಕೊಂಡು.

ನನಗೆ ತಡೆಯಲಾಗಲಿಲ್ಲ. ಮೈದಾನದಲ್ಲಿ ನುಂಗಿದ್ದು ಹೊರಬಿತ್ತು.

"ಮುಟ್ಟಿತು," ಎಂದೆ.

ಅವ್ವ ಬೆಂಕಿ ತಾಗಿದವಳಂತೆ ಕೈ ಹಿಂದೆ ಎಳೆದುಕೊಂಡಳು. ಗೋಡೆಯವರೆಗೆ ಸರಿದು, "ಇಲ್ರಿ ಟೀಚರಮ್ಮ, ನಾ ಮುಟ್ಟಿಲ್ರಿ, ಲೋಟಕ್ಕಷ್ಟೇ ಕೈ ಹತ್ತೈತ್ರಿ," ಎಂದಳು. ಅರವತ್ತು ದಾಟಿದವಳ ದನಿ ಬಾವಿಕಟ್ಟೆಯ ಸಣ್ಣ ಹುಡುಗಿಯದಾಗಿತ್ತು. ನಾನು ಆರಿಸಿದ ಶಬ್ದ ಕೊನೆಗೆ ಯಾರಿಗೆ ಬಿತ್ತು ಎಂದು ನೋಡಿ ನನಗೆ ಅಲ್ಲೇ ಅಳು ಬಂತು.

ಅಕ್ಕ ಎದ್ದಳು. ಅವ್ವನ ಹತ್ತಿರ ಹೋಗಿ, ಹಿಂದೆ ಬಚ್ಚಿಟ್ಟ ಆ ಕೈಯನ್ನು ಹುಡುಕಿ ಹಿಡಿದುಕೊಂಡಳು. "ನನಗಲ್ಲ ಯವ್ವಾ. ಮುಟ್ಟಿದ್ದು ನಿಮ್ಮ ಮಗಳಿಗೆ. ನಾ ಹೊಡದೀನಿ, ಅಕಿಗಿಂತ ಮೊದಲ. ಎಲ್ಲಾರ ಮುಂದ ಬಾಯಿ ಬಿಡಲಿಲ್ಲ, ಈಗ ಒಪ್ಪಿಕೊಳ್ಳಾಕತ್ತಾಳ."

"ನಿನಗ ಗೊತ್ತಿತ್ತು," ಎಂದೆ.

"ಗೊತ್ತಿರದ ಏನು? ಅದಕ್ಕ ನಾ ಕೂಗಿದೆ. ಇಬ್ಬರಾಗ ಒಬ್ಬರಾರ ಕೂಗಬೇಕಲ್ಲ. ನೀ ಒಂದ ಸಂಜಿ ತಡಾ ಮಾಡಿದಿ, ನಾ ಹನ್ನೊಂದ ವರ್ಷ."

"ಅದೂ ಇದೂ ಒಂದ ತಕ್ಕಡ್ಯಾಗ ಇಡಬ್ಯಾಡಕ್ಕಾ."

"ಇಡಂಗಿಲ್ಲ," ಎಂದಳು. ಗಣಿತದವಳು, ಲೆಕ್ಕ ಸರಿಯಾಗಿ ಗೊತ್ತಿತ್ತು. ಅವ್ವನ ಕೈ ಬಿಟ್ಟಿರಲಿಲ್ಲ.

ಅವ್ವ ಮೆಲ್ಲಗೆ ಕೈ ಬಿಡಿಸಿಕೊಂಡಳು. ಆಮೇಲೆ ನನ್ನ ಹತ್ತಿರ ಬಂದು ಕೌದಿ ಅಂಗಿ ಬಿಚ್ಚಿಸಿ, ಕುಪ್ಪಸ ಸರಿಸಿ ಪಕ್ಕೆ ನೋಡಿದಳು. ನೇರಳೆ ಹಣ್ಣಿನ ಹಾಗೆ ನೀಲಿಗಟ್ಟಿತ್ತು. ಹೆಬ್ಬೆರಳಿನಿಂದ ಒತ್ತಿದಳು. ನಾನು ಕಿರುಚಿದೆ.

"ಗಟ್ಟಿಯಾಗೇ ಮುಟ್ಟೀರಿ ಬಿಡ್ರಿ, ಟೀಚರಮ್ಮ," ಎಂದು ಹೇಳಿ, ಖಾಲಿ ಲೋಟ ತಗೊಂಡು ಮತ್ತೆ ನೀರು ತರಲು ಒಳಗೆ ಹೋದಳು. ಈ ಸಲ ಬೆಳಗುವ ಸದ್ದು ಕೇಳಲಿಲ್ಲ.